ಸಂತನ ನಿಲುವಂಗಿಯ ಕೆಸರು

ಗೋಕಾಕ

ಗೋಕಾಕದಲ್ಲಿ ಕರದಂಟು ಮಾಡುವವರನ್ನು ಲೋಕವೆಲ್ಲ ಬಲ್ಲದು, ಗೊಂಬೆ ಮಾಡುವ ನಮ್ಮನ್ನು ಬಲ್ಲವರು ಕಡಿಮೆ. ಹಲ್ಲಿಗೆ ಸಿಗುವ ಪದಾರ್ಥಕ್ಕೂ ಕಣ್ಣಿಗೆ ಮಾತ್ರ ಸಿಗುವ ಪದಾರ್ಥಕ್ಕೂ ಅಷ್ಟು ಅಂತರ ಇರಬೇಕಾದದ್ದೇ. ಹೀಗಿರುವಾಗ ಫ್ರಾನ್ಸ್ ದೇಶದ ಒಂದು ಮಠದಿಂದ ನಮಗೆ ಕರೆ ಬಂದಿದೆ ಎಂದರೆ ಓಣಿಯ ಜನ ನಂಬಲಿಲ್ಲ. ನನ್ನ ಹೆಂಡತಿ ಗೌರವ್ವನೂ ನಂಬಲಿಲ್ಲ. ವೀಸಾ ಕೈಗೆ ಬರುವ ತನಕ ಆಕೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಂದ ಮೇಲೆ ಮೂಡಲಗಿ ಹತ್ತಿರದ ತನ್ನ ತವರೂರು ಕಲ್ಲೋಳಿಗೆ ಹೋಗಿ ಇಡೀ ಸಂತೆಗೇ ಹೇಳಿ ಬಂದಳು.

ಈ ಕರೆಯ ಹಿಂದೆ ಇದ್ದವರು ಸಿಸ್ಟರ್ ಮೋನಿಕಾ. ಖಾನಾಪುರದ ಕಡೆಯವರು, ಬಹಳ ವರ್ಷಗಳಿಂದ ಫ್ರಾನ್ಸಿನ ಸಣ್ಣ ಊರೊಂದರಲ್ಲಿ ವಯಸ್ಸಾದವರ ಆರೈಕೆ ಮಾಡಿಕೊಂಡಿರುವ ಸನ್ಯಾಸಿನಿ. ರಜೆಗೆ ಬಂದವರು ಗೋಕಾಕ ಫಾಲ್ಸ್ ನೋಡಿ, ಹಾಗೇ ಊರೊಳಗೆ ಬಂದು, ನಮ್ಮ ಪಡಸಾಲೆಯಲ್ಲಿ ಒಣಗಲು ಇಟ್ಟಿದ್ದ ಕಟ್ಟಿಗೆಯ ಗೊಂಬೆಗಳ ಮುಂದೆ ಬಹಳ ಹೊತ್ತು ಕೂತಿದ್ದರು. ಅವರ ಊರಿನ ಮಠದ ಗುಡಿಯಲ್ಲಿ ಒಬ್ಬ ಸಂತನ ಜೀವನ ಹೇಳುವ ಐದು ಹಳೆಯ ಗೊಂಬೆಗಳಿದ್ದವು, ಹುಳ ಬಿದ್ದು ಪುಡಿಯಾಗಿದ್ದವು. ಸಂತನ ಹಬ್ಬದ ಭಾನುವಾರಕ್ಕೆ ಹೊಸ ಐದು ಬೇಕಾಗಿದ್ದವು.

ಸಂತನ ಹೆಸರನ್ನು ಸಿಸ್ಟರ್ ಹತ್ತು ಸಲ ಹೇಳಿಕೊಟ್ಟರು. ಮೂಗಿನಲ್ಲಿ ಹುಟ್ಟಿ ಗಂಟಲಲ್ಲಿ ಮುಗಿಯುವ ಹೆಸರು, ನನ್ನ ನಾಲಿಗೆಗೆ ಹತ್ತಲಿಲ್ಲ. ಗೌರವ್ವ ಒಂದೇ ಮಾತಿಗೆ 'ಸರದಾರಜ್ಜ' ಎಂದು ಇಟ್ಟುಬಿಟ್ಟಳು. ನಾನೂ ಹಾಗೇ ಕರೆಯುತ್ತೇನೆ.

ಸಾವಿರ ವರ್ಷಕ್ಕೂ ಎಷ್ಟೋ ಹಿಂದೆ ಆ ನಾಡನ್ನು ಫ್ರಾಂಕ್ ಎಂಬ ಜನ ಆಳುತ್ತಿದ್ದರಂತೆ. ಅವರ ಅರಮನೆಯಲ್ಲಿ ಸರದಾರಜ್ಜ ದೊಡ್ಡ ಅಧಿಕಾರಿ. ದೊಡ್ಡ ಮನೆತನ, ಕುದುರೆ, ಬಂಗಾರದಂಚಿನ ಬಿಳಿ ನಿಲುವಂಗಿ. ಮನೆಯವರ ಒತ್ತಾಯಕ್ಕೆ ಮದುವೆಯಾದ. ಆಮೇಲೆ ಗಂಡಹೆಂಡತಿ ಕೂತು ಮಾತಾಡಿ, ಇಬ್ಬರೂ ಒಪ್ಪಿ, ಸನ್ಯಾಸ ಹಿಡಿದರು. ಅಪ್ಪಣೆ ಇಲ್ಲದೆ ಹೋದನೆಂದು ರಾಜನಿಗೆ ಸಿಟ್ಟು ಬಂತು, ಕರೆ ಕಳಿಸಿದ. ಅಜ್ಜ ಹೊರಟ. ಅರಮನೆಯ ಬಾಗಿಲ ಹತ್ತಿರವೇ ಒಬ್ಬ ಬಡವನ ಬಂಡಿ ಕೆಸರಿನಲ್ಲಿ ಮಗುಚಿ ಬಿದ್ದಿತ್ತು. ಹೋಗುವವರು, ಬರುವವರು ಎಲ್ಲ ಸುತ್ತುಹಾಕಿ ದಾಟುತ್ತಿದ್ದರು. ಈತ ಕುದುರೆಯಿಂದ ಇಳಿದು ಬಂಡಿಗೆ ಹೆಗಲು ಕೊಟ್ಟ. ಬಂಡಿ ಎದ್ದಿತು, ಮೈಯೆಲ್ಲ ಕೆಸರಾಯಿತು, ದರ್ಬಾರಿನವರು ನಕ್ಕರು. ಅಷ್ಟರಲ್ಲಿ ದೇವದೂತ ಬಂದು ಕೆಸರು ತೊಳೆದನಂತೆ, ರಾಜನ ಮುಂದೆ ನಿಂತಾಗ ನಿಲುವಂಗಿ ಹಾಲಿನಂತೆ ಬೆಳ್ಳಗಿತ್ತಂತೆ. ರಾಜ ಮೆತ್ತಗಾಗಿ ಅವನನ್ನು ಅವನ ದಾರಿಗೆ ಬಿಟ್ಟ. ಕೊನೆಗೆ ಹೊಳೆ ದಂಡೆಯ ಜವಳು ಭೂಮಿಗೆ ಬಂದು, ಗಿಡಗಂಟಿ ಕಡಿದು, ಮಠ ಕಟ್ಟಿ, ಸಲಿಕೆ ಹಿಡಿದುಕೊಂಡೇ ಮುದುಕನಾದ. ಅರಸನ ಭಂಡಾರ ಬಿಟ್ಟು ಬಂದ ವಚನಕಾರ ಅಣ್ಣನ ಕಥೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದೇನೂ ದೂರದ ಕಥೆಯಲ್ಲ.

ಗೌರವ್ವನಿಗೆ ಮಾತ್ರ ಒಂದು ತಕರಾರಿತ್ತು. "ಆಂವ ಬಿಟ್ಟು ಹ್ವಾದಾಂತ ಎಲ್ಲಾರೂ ಹೇಳ್ತೀರಿ. ಆಕಿನೂ ಬಿಟ್ಟು ಬಂದಾಳಲ್ರಿ. ಆಕಿ ಗೊಂಬಿ ಎಲ್ಲೈತಿ?"

ಸಿಸ್ಟರ್ ನಕ್ಕು, "ಖರೆ ಐತ್ರಿ ಅಕ್ಕಾ, ಹಳೇ ಗೊಂಬಿಯೊಳಗ ಆಕಿ ಇರಲಿಲ್ಲ" ಎಂದರು. ಹೀಗಾಗಿ ನನ್ನ ಎರಡನೆಯ ಗೊಂಬೆಯಲ್ಲಿ ಗಂಡಹೆಂಡತಿ ಇಬ್ಬರೂ ಹೊಸ್ತಿಲು ದಾಟುತ್ತಿದ್ದಾರೆ.

ನಮ್ಮ ಮನೆತನದ ರೂಢಿ ಒಂದಿದೆ, ಅದನ್ನು ಇಲ್ಲೇ ಹೇಳಬೇಕು. ಮೂರ್ತಿಗೆ ಎಲ್ಲ ಬಣ್ಣ ಮುಗಿದರೂ ಕಣ್ಣು ಬರೆಯುವುದಿಲ್ಲ. ಅದು ನೆಲೆ ನಿಲ್ಲುವ ಜಾಗದಲ್ಲೇ ಬರೆಯಬೇಕು. ಬರೆಯುವ ಮುಂಚೆ, ಮಾಡುವಾಗ ಆದ ತಪ್ಪನ್ನು ಮೂರ್ತಿಯ ಕಿವಿಯಲ್ಲಿ ಒಪ್ಪಿಸಬೇಕು. ಹಸಿ ಕಟ್ಟಿಗೆ ಬಳಸಿದ್ದಿರಲಿ, ಸಿಟ್ಟಿನಲ್ಲಿ ಬಣ್ಣ ಬಳಿದದ್ದಿರಲಿ, ಬಚ್ಚಿಡುವಂತಿಲ್ಲ. ತಪ್ಪು ಹೇಳದೆ ಕಣ್ಣು ತೆರೆಸಿದರೆ ಮೂರ್ತಿ ಮಾಡಿದವನನ್ನೇ ದಿಟ್ಟಿಸುತ್ತ ಕೂರುತ್ತದೆ ಎನ್ನುತ್ತಿದ್ದ ನಮ್ಮಪ್ಪ. ಹೀಗಾಗಿ ಐದೂ ಗೊಂಬೆಗಳನ್ನು ಕಣ್ಣಿಲ್ಲದೆಯೇ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದೆ.

ಪ್ಯಾರಿಸ್

ವಿಮಾನದಿಂದ ಇಳಿದ ಕೂಡಲೇ ಒಂದು ನಾಯಿ ನಮ್ಮ ಬಳಿ ಬಂದು ಕೂತಿತು. ಪೊಲೀಸ್ ನಾಯಿ, ಮೈಯೆಲ್ಲ ತಿದ್ದಿ ತೀಡಿದಂತೆ ನಯ. ಗೌರವ್ವ "ಪಾಪ, ಹಸದೈತಿ" ಎಂದು ಬ್ಯಾಗಿಗೆ ಕೈ ಹಾಕಿದಳು. ಅಷ್ಟರಲ್ಲಿ ಇಬ್ಬರು ಸಿಪಾಯಿಗಳು ಬಂದು ಕೈ ಹಿಡಿದರು.

ಪೆಟ್ಟಿಗೆ ತೆರೆಸಿದರು. ಕಣ್ಣಿಲ್ಲದ ಐದು ಮುಖಗಳು ಹತ್ತಿಯೊಳಗಿಂದ ಮೇಲೆ ನೋಡಿದವು, ಅಂದರೆ ನೋಡಲಿಲ್ಲ. ಸಿಪಾಯಿ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಗೌರವ್ವನ ಬ್ಯಾಗಿನಿಂದ ಕರದಂಟು, ಶೇಂಗಾ ಚಟ್ನಿ, ಕೆಂಪು ಖಾರ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಕಟಕ ರೊಟ್ಟಿ ಒಂದೊಂದಾಗಿ ಹೊರಬಂದವು. ಖಾರದ ಪೊಟ್ಟಣವನ್ನು ಬಗ್ಗಿ ಮೂಸಿದ ಸಿಪಾಯಿ ಎಂಟು ಸಲ ಸೀನಿದ. ಅವನ ಗೆಳೆಯ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ಏಳನೆಯ ಸೀನಿಗೆ ನಮ್ಮ ಮೇಲಿನ ಅನುಮಾನವೂ ಹೋಗಿಬಿಟ್ಟಿತ್ತು. ಹೊರಗೆ ಕಾಯುತ್ತಿದ್ದ ಸಿಸ್ಟರ್ ಮೋನಿಕಾ ನಮ್ಮನ್ನು ನೋಡಿ, "ಯಾಕ್ರಿ ಇಷ್ಟ ತಡಾ?" ಎಂದು ಕೇಳಿದರು. "ನಾಯಿಗೆ ಕರದಂಟು ಬೇಕಾಗಿತ್ತು" ಎಂದಳು ಗೌರವ್ವ.

ಹೊಳೆ ದಂಡೆಯ ಊರು

ರೈಲಿನಲ್ಲಿ ಎರಡು ತಾಸು, ಕಾರಿನಲ್ಲಿ ಅರ್ಧ ತಾಸು. ಊರು ಸಣ್ಣದು, ಹೊಳೆ ನಮ್ಮ ಘಟಪ್ರಭೆಯ ಅರ್ಧದಷ್ಟು. ಆದರೆ ಸದ್ದಿಲ್ಲ. ಹೊಳೆಗೂ ಸದ್ದಿಲ್ಲ, ಜನಕ್ಕೂ ಸದ್ದಿಲ್ಲ. ಮೊದಲ ದಿನ ನಾನು ಗೌರವ್ವನಿಗೆ ರಸ್ತೆಯ ಆಚೆ ಬದಿಯಿಂದ ಕೂಗಿ ಕರೆದಾಗ ಮೂರು ಮನೆಯ ಕಿಟಕಿ ತೆರೆದವು.

ಅಲ್ಲಿ ರಸ್ತೆ ದಾಟುವುದು ನಮಗೆ ಬಗೆಹರಿಯಲೇ ಇಲ್ಲ. ನಾವು ಅಂಚಿಗೆ ನಿಂತರೆ ಬರುವ ಕಾರು ನಿಂತುಬಿಡುತ್ತದೆ. ಅದು ಹೋಗಲಿ ಎಂದು ನಾವು, ನಾವು ಹೋಗಲಿ ಎಂದು ಅದು. ಗೌರವ್ವ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಟೆಂಪೋಗಳಿಗೆ ಕೈ ಬೀಸುವಂತೆ "ಹೋಗೋ ಮಾರಾಯ" ಎಂದು ಬೀಸಿದಳು. ಆತ ಅದನ್ನು ನಮಸ್ಕಾರ ಅಂದುಕೊಂಡು ತಾನೂ ಕೈ ಬೀಸಿದ. ಕೊನೆಗೆ ಹಿಂದೆ ನಾಲ್ಕು ಕಾರು ನಿಂತ ಮೇಲೆ ನಾಚಿಕೆಯಾಗಿ ಓಡಿ ದಾಟಿದೆವು.

ಅವರು ಮೊಳದುದ್ದದ ರೊಟ್ಟಿಯನ್ನು ಕಂಕುಳಲ್ಲಿ ಅವಚಿಕೊಂಡು ಮನೆಗೆ ಒಯ್ಯುತ್ತಾರೆ. ಕಾಗದ ಸುತ್ತಿದರೆ ಸುತ್ತಿದರು, ಇಲ್ಲದಿದ್ದರೆ ಇಲ್ಲ. "ಬಗಲಾಗಿಂದ ತಗದ ರೊಟ್ಟಿ ನಾ ತಿನ್ನಾಂಗಿಲ್ಲ" ಎಂದು ಗೌರವ್ವ ಶಪಥ ಮಾಡಿದಳು. ಮೂರನೆಯ ದಿನ ನೋಡುತ್ತೇನೆ, ಸೆರಗನ್ನು ಬಿಗಿಯಾಗಿ ಹೊದ್ದು, ಕಾಲಿಗೆ ಉಣ್ಣೆ ಚೀಲ ಹಾಕಿಕೊಂಡು, ಕಂಕುಳಲ್ಲಿ ರೊಟ್ಟಿ ಹಿಡಿದು ಬೀದಿಯಲ್ಲಿ ಬರುತ್ತಿದ್ದಾಳೆ. ಬಿಸಿ ಇತ್ತಂತೆ, ಚಳಿಗೆ ಹಿತವಾಯಿತಂತೆ.

ಮಠದ ಊಟ

ಮಠದ ಊಟದ ಮನೆಯೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಗೌರವ್ವ ಸಿಸ್ಟರ್ ಜೊತೆ ಅತಿಥಿಗಳ ಮನೆಯಲ್ಲಿ ಉಂಡಳು. ನನ್ನ ಜೇಬಿಗೆ ಮಾತ್ರ ಎರಡು ಕಟಕ ರೊಟ್ಟಿ ಮುರಿದು ತುಂಬಿ ಕಳಿಸಿದ್ದಳು, ಗಂಡ ಉಪವಾಸ ಬೀಳಬಾರದೆಂದು.

ನಮ್ಮ ಮಠಗಳಲ್ಲಿ ದಾಸೋಹವೆಂದರೆ ಅರ್ಧ ಊಟ, ಅರ್ಧ ಮಾತು. ನೀಡುವವನಿಗೆ ಕೂಗಬೇಕು, ಪಕ್ಕದವನ ಮಗಳ ಮದುವೆ ಎಲ್ಲಿಗೆ ಬಂತು ಕೇಳಬೇಕು. ಇಲ್ಲಿ ಇಪ್ಪತ್ತು ಜನ ಕರಿ ಅಂಗಿಯವರು ಗೋಡೆಗೆ ಬೆನ್ನು ಹಚ್ಚಿ ಕೂತು ಮಾತಿಲ್ಲದೆ ಉಣ್ಣುತ್ತಾರೆ. ಒಬ್ಬ ಮಾತ್ರ ಎತ್ತರದಲ್ಲಿ ನಿಂತು ಪುಸ್ತಕ ಓದುತ್ತಾನೆ. ಉಪ್ಪು ಬೇಕಾದರೆ ಬೆರಳು ಎತ್ತಬೇಕು. ಸಪ್ಪೆ ಸಾರು ನನ್ನ ಗಂಟಲಿಳಿಯಲಿಲ್ಲ. ಮೆಲ್ಲಗೆ ಜೇಬಿನಿಂದ ರೊಟ್ಟಿ ತೆಗೆದು ಬಾಯಿಗಿಟ್ಟು ಕಡಿದೆ.

ಕಟಕ ರೊಟ್ಟಿಗೆ ಆ ಹೆಸರು ಯಾಕೆ ಬಂತೆಂದು ನನಗೆ ಅಂದೇ ತಿಳಿದದ್ದು. ಓದುವವನು ನಿಲ್ಲಿಸಿದ. ಇಪ್ಪತ್ತು ಚಮಚಗಳು ನಿಂತವು. ಬಾಯಲ್ಲಿ ಇದ್ದದ್ದನ್ನು ನುಂಗುವಂತಿಲ್ಲ, ಅಗಿಯುವಂತಿಲ್ಲ, ನೆನೆಯಲಿ ಎಂದು ಹಾಗೇ ಇಟ್ಟುಕೊಂಡು ಕೂತೆ. ಎದುರಿಗಿದ್ದ ದಪ್ಪ ಮನುಷ್ಯನ ಭುಜಗಳು ಕುಲುಕುತ್ತಿದ್ದವು. ಅವರೇ ಬ್ರದರ್ ಮಾರ್ಸೆಲ್, ಗುಡಿಯ ಗೊಂಬೆಗಳ ಜವಾಬ್ದಾರಿ ಹೊತ್ತವರು. ಸನ್ಯಾಸಕ್ಕೆ ಬರುವ ಮುಂಚೆ ಹಾಲಿನ ಲಾರಿ ಓಡಿಸುತ್ತಿದ್ದರಂತೆ. ಊಟವಾದ ಮೇಲೆ ಹೊರಗೆ ಬಂದು ನನ್ನ ಜೇಬಿನ ಕಡೆ ಬೆರಳು ತೋರಿಸಿದರು. ಉಳಿದ ತುಂಡು ಕೊಟ್ಟೆ. ಅಂಗಳದಲ್ಲಿ ನಿಂತು ಕಟಕಟ ಅಗಿದು ತಿಂದರು.

ಮೂರನೆಯ ಗೊಂಬೆ

ಗುರುವಾರ ಪೆಟ್ಟಿಗೆ ಬಿಚ್ಚಿದೆವು. ಬ್ರದರ್ ಮಾರ್ಸೆಲ್ ಒಂದೊಂದನ್ನೂ ಕೈಯಲ್ಲಿ ಹಿಡಿದು, ತೂಗಿ, ಬೆನ್ನ ಕಡೆ ತಿರುಗಿಸಿ ನೋಡಿದರು. ಹೊಸ್ತಿಲು ದಾಟುವ ಗಂಡಹೆಂಡತಿಯನ್ನು ನೋಡಿ ಕಣ್ಣು ತುಂಬಿಕೊಂಡರು. ಮೂರನೆಯದು ಬಂಡಿಯದು. ಅದನ್ನು ಹಿಡಿದವರು ಬಹಳ ಹೊತ್ತು ಕೆಳಗಿಡಲಿಲ್ಲ. ಆಮೇಲೆ ಸಿಸ್ಟರ್ ಕಡೆ ತಿರುಗಿ ಒಂದು ಮಾತು ಕೇಳಿದರು.

"ಕೆಸರ ಎಲ್ಲೈತಿ ಅಂತ ಕೇಳಾಕತ್ತಾರ್ರಿ" ಎಂದರು ಸಿಸ್ಟರ್.

ಕೆಸರು ಇರಲಿಲ್ಲ. ಬಂಡಿ ಇತ್ತು, ಗಾಲಿ ಇತ್ತು, ಗಾಲಿಗೆ ಹೆಗಲು ಕೊಟ್ಟ ಸರದಾರಜ್ಜ ಇದ್ದ. ಅವನ ನಿಲುವಂಗಿ ಈಗಷ್ಟೇ ಇಸ್ತ್ರಿ ಮಾಡಿದಂತೆ ಬೆಳ್ಳಗಿತ್ತು. ನನ್ನ ಬಾಯಲ್ಲಿ ಉತ್ತರ ಸಿದ್ಧವಿತ್ತು. "ದೇವದೂತ ತೊಳದಾನಲ್ರಿ. ಕಥಿಯೊಳಗ ಹಂಗs ಐತಿ."

ಸಿಸ್ಟರ್ ಅದನ್ನು ಹೇಳಿದರು. ಬ್ರದರ್ ನಗುತ್ತಲೇ ಉತ್ತರಿಸಿದರು. ಸಿಸ್ಟರ್ ಕನ್ನಡಕ್ಕೆ ತಂದದ್ದು ಹೀಗೆ: "ದೇವದೂತನ ಕೆಲಸ ನೀವ ಮಾಡಿಬಿಟ್ರ ಆಂವಗ ಏನ ಉಳೀತ್ರಿ? ನೀವು ಕೆಸರ ಹಚ್ರಿ. ತೊಳಿಯೋದು ಅಂವಗ ಬಿಡ್ರಿ." ಆಮೇಲೆ ನಗು ಬಿಟ್ಟು ಹೇಳಿದ್ದು, ಕೆಸರಿಲ್ಲದ ಗೊಂಬೆಯನ್ನು ಭಾನುವಾರ ಗುಡಿಯಲ್ಲಿ ಇಡಲಾಗುವುದಿಲ್ಲ ಎಂದು. ಮೂರನೆಯದು ಇಲ್ಲದೆ ಉಳಿದ ನಾಲ್ಕನ್ನೂ ಇಡುವುದಿಲ್ಲ ಎಂದು.

ಕೆಸರು ಬಳಿಯಲು ನನಗೆ ಎಷ್ಟು ಹೊತ್ತು ಬೇಕು? ಕಾಲು ತಾಸು. ಆದರೆ ಗೋಕಾಕದಲ್ಲಿ ಮೂರು ಸಲ ಕುಂಚ ಎತ್ತಿ ಮೂರು ಸಲವೂ ಕೆಳಗಿಟ್ಟಿದ್ದೆ. ಕಾರಣ ನನಗೊಬ್ಬನಿಗೇ ಗೊತ್ತು. ಈಗ ನಿಮಗೆ ಹೇಳುತ್ತೇನೆ.

ಹಗಲೆಲ್ಲ ಬಣ್ಣದಲ್ಲಿ ಅದ್ದಿದ ಕೈ ನಮ್ಮದು. ಹೀಗಾಗಿ ಹೊರಗೆ ಹೊರಟರೆ ಬಿಳಿ ಧೋತರ, ಬಿಳಿ ಅಂಗಿ, ಒಂದು ಕಲೆ ಇರಬಾರದು. ಅದು ನನ್ನ ಚಟ ಅನ್ನಿ, ಸೊಕ್ಕು ಅನ್ನಿ. ಆರು ವರ್ಷದ ಹಿಂದೆ ಬೆಳಗಾವಿಯಲ್ಲಿ ನನಗೊಂದು ಸನ್ಮಾನ ಇತ್ತು, ಬದುಕಿನಲ್ಲಿ ಮೊದಲನೆಯದು. ಹುಕ್ಕೇರಿಯ ಬೀಗರ ಮನೆಯಲ್ಲಿ ಫಳಾರ ಮುಗಿಸಿ ಬಾಡಿಗೆ ಗಾಡಿಯಲ್ಲಿ ಹೊರಟಿದ್ದೆವು. ಹತ್ತರಗಿ ಹತ್ತಿರ ರಸ್ತೆ ಬದಿಗೆ ಕಬ್ಬಿನ ಚಕ್ಕಡಿ ಮಗುಚಿತ್ತು. ಅಕಾಲದ ಮಳೆಗೆ ಬದಿಯೆಲ್ಲ ರಾಡಿ. ಒಂದು ಎತ್ತು ನೊಗದಡಿ ಸಿಕ್ಕಿಬಿದ್ದಿತ್ತು, ಒಬ್ಬನೇ ಮನುಷ್ಯ ಅದನ್ನು ಬಿಡಿಸಲು ಒದ್ದಾಡುತ್ತ ನಮ್ಮ ಕಡೆ ಕೈ ಮಾಡಿದ. ಡ್ರೈವರ್ ವೇಗ ತಗ್ಗಿಸಿ, "ನಿಲ್ಲಸ್ಲೇನ್ರಿ?" ಎಂದ. ನಾನು ನನ್ನ ಧೋತರ ನೋಡಿಕೊಂಡೆ. "ಹೊತ್ತಾಗೇತಿ, ನಡಿ" ಎಂದೆ. ಗೌರವ್ವ ಪಕ್ಕದಲ್ಲಿ ಕಣ್ಣು ಮುಚ್ಚಿ ಒರಗಿದ್ದಳು. ಆಕೆ ನೋಡಲಿಲ್ಲವಲ್ಲ ಎಂದು ಸಮಾಧಾನವಾಯಿತು.

ಹೊತ್ತೇನೂ ಆಗಿರಲಿಲ್ಲ. ಅಲ್ಲಿ ಹೋಗಿ ಒಂದು ತಾಸು ಖಾಲಿ ಕುರ್ಚಿಗಳ ಎದುರು ಕಾದೆವು. ಅವರು ಹೊದಿಸಿದ ಶಾಲನ್ನು ನಾನು ಇವತ್ತಿನವರೆಗೂ ಹೊದ್ದಿಲ್ಲ. ಗೌರವ್ವ ಕೇಳಿದರೆ ಉಣ್ಣೆ ಚುಚ್ಚುತ್ತದೆ ಎನ್ನುತ್ತೇನೆ. ಈಗ ಸರದಾರಜ್ಜನ ನಿಲುವಂಗಿಗೆ ಕೆಸರು ಹಚ್ಚಲು ನಾನು ಯಾರು? ಹಚ್ಚಿದರೆ ಅದು ಅವನ ಕೆಸರಾಗುವುದಿಲ್ಲ, ನನ್ನ ಸುಳ್ಳಾಗುತ್ತದೆ. ಹೀಗೆಂದು ಶುಕ್ರವಾರ ಇಡೀ ದಿನ ಹೊಳೆ ದಂಡೆಯಲ್ಲಿ ಸುಮ್ಮನೆ ಅಡ್ಡಾಡಿದೆ.

ಶನಿವಾರ, ಗುಡಿ

ಶನಿವಾರ ಬೆಳಿಗ್ಗೆ ಗೊಂಬೆಗಳನ್ನು ಅವುಗಳ ಜಾಗದಲ್ಲಿಟ್ಟು ಕಣ್ಣು ಬರೆಯಬೇಕಿತ್ತು. ಮುಖ್ಯ ಗುಡಿಯ ಬಾಜೂ ಒಂದು ಸಣ್ಣ ದುಂಡನೆಯ ಕೋಣೆ, ಮೇಲೆ ಗುಮ್ಮಟ. ಗೌರವ್ವ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಳು. ಬ್ರದರ್ ಮಾರ್ಸೆಲ್ ಮೇಣದ ಬತ್ತಿಯ ಕಲೆ ಕೆರೆಯುತ್ತಿದ್ದರು. ನಾಲ್ಕು ಗೊಂಬೆಗಳಿಗೆ ಹೇಳಬೇಕಾದ ಸಣ್ಣಪುಟ್ಟ ತಪ್ಪುಗಳನ್ನು ಕಿವಿಯಲ್ಲಿ ಹೇಳಿ ಕಣ್ಣು ಬರೆದೆ. ಕೊನೆಗೆ ಉಳಿದದ್ದು ಇನ್ನೂ ಕೆಸರು ಕಾಣದ ಮೂರನೆಯದು, ಅದರ ಮುಂದೆ ಬಂದು ಕೈ ನಿಂತಿತು.

ನಮ್ಮಪ್ಪ ಕಲಿಸಿದ ರೂಢಿಯನ್ನು ಅಲ್ಲಿ ತನಕ ಹೋಗಿ ಮುರಿಯುವುದು ಹೇಗೆ? ಬಗ್ಗಿ, ಸರದಾರಜ್ಜನ ಕಿವಿಗೆ ಬಾಯಿ ಹಚ್ಚಿ, ಉಸಿರಿನಲ್ಲೇ ಹೇಳಿದೆ. "ಅಜ್ಜಾ, ಹತ್ತರಗಿ ಕಡೆ ಒಬ್ಬಾಂವ ಕೈ ಮಾಡಿದ್ದಾ. ಎತ್ತು ಬಿದ್ದಿತ್ತು. ಧೋತರ ಹೊಲಸಾಕ್ಕೈತಿ ಅಂತ ನಾ ನಿಲ್ಲಲಿಲ್ಲ. ಅದಕ್ಕs ನಿನಗ ಕೆಸರ ಹಚ್ಚಾಕ ನನ್ನ ಕೈ ಬರವಲ್ದು. ತಪ್ಪಾಗೇತಿ."

ವಿಜಾಪುರದ ಗೋಲಗುಮ್ಮಟ ನೋಡಿದ ನನಗೆ ಹೊಳೆಯಬೇಕಿತ್ತು. ಗುಮ್ಮಟದ ಕೆಳಗೆ ಪಿಸುಮಾತೆಂಬುದಿಲ್ಲ. ನನ್ನ ಒಂದೊಂದು ಮಾತೂ ಗೋಡೆ ಹಿಡಿದು ಸುತ್ತಿ ಗೌರವ್ವನ ಕಿವಿಗೆ ಹೋಗಿ ಮುಟ್ಟಿತ್ತು. ಆಚೆಯಿಂದ ಆಕೆಯ ದನಿ ನನ್ನ ಕಿವಿಯ ಪಕ್ಕದಲ್ಲೇ ಆಡಿದಷ್ಟು ಸ್ಪಷ್ಟವಾಗಿ ಬಂತು.

"ನಾ ಮಲಗಿರಲಿಲ್ರಿ."

ನಾನು ತಿರುಗಿ ನೋಡಲಿಲ್ಲ, ಧೈರ್ಯವಾಗಲಿಲ್ಲ.

"ನಾನೂ ನೋಡೀನಿ. ಅವತ್ತ ಹೊಸಾ ಇಳಕಲ್ ಸೀರಿ ಉಟ್ಟಿದ್ನಿ. ನೀವು ನಿಲ್ಲಸಂತೀರಿ, ನನ್ನೂ ಇಳಸ್ತೀರಿ ಅಂತ ಕಣ್ಣ ಮುಚ್ಕೊಂಡ್ನಿ. ನೀವು ನಡಿ ಅಂದಾಗ ಜೀವಕ್ಕ ಹಾಯ್ ಅನಿಸ್ತು. ಅದು ನಿಮಗಿಂತಾ ಹೆಚ್ಚಿನ ತಪ್ಪಲ್ಲೇನ್ರಿ?"

ಬ್ರದರ್ ಮಾರ್ಸೆಲ್ ಕೆರೆಯುವುದನ್ನು ನಿಲ್ಲಿಸಿದ್ದರು. ಕನ್ನಡ ಅವರಿಗೆ ಎಲ್ಲಿಂದ ತಿಳಿಯಬೇಕು. ಆದರೂ ಎದ್ದು, ತಲೆ ಬಗ್ಗಿಸಿ, ಸದ್ದಾಗದಂತೆ ಹೊರಗೆ ಹೋದರು. ಅವರ ಮತದಲ್ಲಿಯೂ ತಪ್ಪನ್ನು ಕಿವಿಯಲ್ಲಿ ಹೇಳುವ ರೂಢಿ ಇದೆಯೆಂದು ಸಿಸ್ಟರ್ ಆಮೇಲೆ ತಿಳಿಸಿದರು. ಅಂಥ ಹೊತ್ತಿನಲ್ಲಿ ಮೂರನೆಯವರು ಅಲ್ಲಿ ಇರಬಾರದಂತೆ.

ಆರು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಅಡುಗೆ ಉಂಡು, ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದೆವು. ನನಗೆ ಅಳು ಬಂತು, ಆಮೇಲೆ ನಗುವೂ ಬಂತು. ಗೌರವ್ವ ಎರಡೂ ಮಾಡಲಿಲ್ಲ. ಎದ್ದು ಹೊಳೆ ದಂಡೆಗೆ ಹೋಗಿ ಒಂದು ಬಟ್ಟಲು ಕೆಸರು ತಂದಳು. ಬಟ್ಟೆಯಲ್ಲಿ ಸೋಸಿ, ನಾವು ಒಯ್ದಿದ್ದ ಹುಣಸೆ ಬೀಜದ ಅಂಟು ಕಲೆಸಿ ಹದ ಮಾಡಿದಳು. ನಮ್ಮಲ್ಲಿ ತಳದ ಬಣ್ಣ ಹೆಣ್ಣುಮಕ್ಕಳದ್ದೇ ಕೆಲಸ. ಮೊಣಕಾಲಿನಿಂದ ಶುರು ಮಾಡಿ, ಎದೆ, ತೋಳು, ಒಂದು ಕಪಾಳದವರೆಗೂ ಬೆರಳಿನಿಂದಲೇ ಮೆತ್ತಿದಳು. ಧಾರಾಳವಾಗಿ ಮೆತ್ತಿದಳು. ಆಮೇಲೆ ನಾನು ಕಣ್ಣು ಬರೆದೆ. ಸರದಾರಜ್ಜ ನನ್ನನ್ನು ನೋಡಲಿಲ್ಲ, ಬಂಡಿಯ ಗಾಲಿಯನ್ನೇ ನೋಡುತ್ತಿದ್ದ.

ಭಾನುವಾರ

ಹಬ್ಬಕ್ಕೆ ಸುತ್ತಲಿನ ಹಳ್ಳಿಗಳ ಜನ ಬಂದಿದ್ದರು. ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಹಾಡು ತಿಳಿಯಲಿಲ್ಲ, ಆದರೆ ಮನಸ್ಸು ತಿಳಿಯಾಗಿತ್ತು. ಜನ ಮೂರನೆಯ ಗೊಂಬೆಯ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದರು. ಒಬ್ಬ ರೈತ ಬೆರಳಿನಿಂದ ಕೆಸರು ಮುಟ್ಟಿ ನೋಡಿ, ತಮ್ಮ ಹೊಳೆಯದೇ ಮಣ್ಣೆಂದು ಗುರುತು ಹಿಡಿದು, ಪಕ್ಕದವನಿಗೆ ತೋರಿಸಿದ. ಹೊರಡುವಾಗ ಬ್ರದರ್ ಮಾರ್ಸೆಲ್ ನಮಗೆ ಒಂದು ದೊಡ್ಡ ಚೀಸಿನ ಗಟ್ಟಿ ಕೊಟ್ಟರು, ಗೌರವ್ವ ಉಳಿದ ರೊಟ್ಟಿಯನ್ನೆಲ್ಲ ಅವರಿಗೆ ಕಟ್ಟಿಕೊಟ್ಟಳು. ಚೀಸಿನ ವಾಸನೆಗೆ ವಿಮಾನದಲ್ಲಿ ನಮ್ಮ ಪಕ್ಕದವನು ಎದ್ದು ಬೇರೆ ಕಡೆ ಕೂತ. ಕಾಲು ಚಾಚಲು ಜಾಗವಾಯಿತು.

ಬೆಲ್ಲದ ಬಾಗೇವಾಡಿ

ಪ್ರವಾಸ ಮನೆ ಮುಟ್ಟಿದಾಗ ಮುಗಿಯಬೇಕು. ನಮ್ಮದು ಮುಗಿಯಲಿಲ್ಲ. ಬಂದ ಮೂರನೆಯ ದಿನ ಗೌರವ್ವ, "ಆ ಚಕ್ಕಡಿಯಾಂವ ಬೆಲ್ಲದ ಬಾಗೇವಾಡಿ ಮನಶ್ಯಾರಿ. ಲಗಮಣ್ಣ ಅಂತ. ಹತ್ತರಗಿಗೆ ಕೊಟ್ಟ ನಮ್ಮ ಅಕ್ಕನ ಮಗಳ ಕಡಿಂದ ನಾ ಆವಾಗs ಕೇಳಿಸೀನಿ" ಎಂದಳು. ಹೆಸರೂ ಗೊತ್ತಿಟ್ಟುಕೊಂಡು ಆರು ವರ್ಷ ಸುಮ್ಮನಿದ್ದಳು ಪುಣ್ಯಾತ್ಗಿತ್ತಿ.

ಮರುದಿನ ಬೆಳಿಗ್ಗೆ ಹೋದೆವು. ನಾನು ಚಟದಂತೆ ಬಿಳಿ ಧೋತರ ಉಟ್ಟಿದ್ದೆ. ಲಗಮಣ್ಣ ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹಾದಿ ನೋಡುತ್ತಿದ್ದ. ಐವತ್ತರ ಆಸುಪಾಸಿನ ಗಟ್ಟಿ ಆಳು. "ಬರ್ರಿ, ಯಾರ ಪೈಕಿ?" ಎಂದ. ನಾನು ನಿಂತಲ್ಲೇ ಎಲ್ಲ ಹೇಳಿದೆ, ಈ ಸಲ ಪಿಸುಮಾತಿನಲ್ಲಲ್ಲ.

ಆತ ಕೇಳಿಸಿಕೊಂಡ. "ಭಾಳ ಗಾಡಿ ಹ್ವಾದುವ್ರಿ ಅವತ್ತ. ನಾ ಎಣಿಸಿಲ್ಲ. ಆಮ್ಯಾಲ ಒಬ್ರು ಸಾಲಿ ಮಾಸ್ತರು ಮೊಟಾರ ಸೈಕಲ್ ನಿಲ್ಲಿಸಿ ಕೈ ಹಚ್ಚಿದ್ರು" ಎಂದು ಒಳಗೆ ತಲೆ ಹಾಕಿ, "ಅದs ಎತ್ತ್ರಿ ಇದು" ಎಂದ.

ಕೊಟ್ಟಿಗೆಯಲ್ಲಿ ಮುದಿ ಎತ್ತೊಂದು ಸಗಣಿ, ಗಂಜಲದ ನಡುವೆ ಮಲಗಿತ್ತು. ಅಂದು ಹಿಂಗಾಲಿಗೆ ಪೆಟ್ಟಾಗಿ ಅದು ಮತ್ತೆ ನೊಗಕ್ಕೆ ಬರಲಿಲ್ಲ. ಮಾರಲು ಮನಸ್ಸಾಗಲಿಲ್ಲ, ಮನೆಯಲ್ಲೇ ಇಟ್ಟುಕೊಂಡ. ಈ ಮಳೆಗಾಲದಿಂದ ಅದಕ್ಕೆ ತಾನಾಗಿ ಏಳಲು ಬರುತ್ತಿಲ್ಲ. ದಿನಾ ಬೆಳಿಗ್ಗೆ ಹೊಟ್ಟೆಯಡಿ ಗೋಣಿತಟ್ಟು ಹಾಯಿಸಿ ಮೂವರು ಎತ್ತಿ ನಿಲ್ಲಿಸಬೇಕು. ತಮ್ಮನೂ ಬಾಜೂ ಮನೆಯವನೂ ನಾವು ಹೋದ ದಿನ ಕಬ್ಬು ಕಡಿಯಲು ಹೋಗಿದ್ದರು.

ನಾನು ಇನ್ನೂ ಏನೋ ಹೇಳಲು ಬಾಯಿ ತೆರೆದೆ. ಲಗಮಣ್ಣ ಗೋಣಿಯ ಒಂದು ಅಂಚನ್ನು ನನ್ನ ಕೈಗೆ ಕೊಟ್ಟ.

"ಮಾತು ಆಮ್ಯಾಲ ಆಡೂಣ್ರಿ. ಮದ್ಲ ಹಿಡೀರಿ."

ಹಿಡಿದೆ. ಗೌರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕದಲ್ಲಿ ಬಗ್ಗಿದಳು. ಎತ್ತು ಎಷ್ಟು ಭಾರವೆಂದು ಆ ದಿನ ಗೊತ್ತಾಯಿತು. ಮೊದಲ ಸಲ ಏಳಲಿಲ್ಲ. ಎರಡನೆಯ ಸಲ ನನ್ನ ಕಾಲು ಜಾರಿ ಮೊಣಕಾಲೂರಿ ಬಿದ್ದೆ, ಅಲ್ಲಿಂದಲೇ ಅದರ ಪಕ್ಕೆಗೆ ಹೆಗಲು ಕೊಟ್ಟು ನೂಕಿದೆ. ಮೂರನೆಯ ಸಲಕ್ಕೆ ಅದು ನಡುಗುತ್ತ ಎದ್ದು ನಿಂತಿತು, ಒಂದು ದೊಡ್ಡ ಉಸಿರು ಬಿಟ್ಟು ಮೇವಿನ ಕಡೆ ಮುಖ ಮಾಡಿತು.

ಲಗಮಣ್ಣ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಪೇಚಾಡಿಕೊಂಡ. "ಅರಿವಿ ಎಲ್ಲಾ ಹೊಲಸಾತಲ್ರಿ ಯಜಮಾನ್ರ."

ಗೌರವ್ವ ಕೈಗೆ ಮೆತ್ತಿದ ಸಗಣಿಯನ್ನು ಗೋಡೆಗೆ ಒರೆಸುತ್ತ ಹೇಳಿದಳು, "ಆಗ್ಲಿ ಬಿಡಪಾ. ಆರು ವರ್ಷ ತಡಾ ಆತು."